ಒಮ್ಮತಕ್ಕೆ ಒಂದು ಸಹಿ ಕಡಿಮೆ

ಮೊಂಡಿಯ ಅಪ್ಪ ಸತ್ತ ದಿನ ಕುಡಿದಿದ್ದ. ಕುಡಿಸಿದವಳು ಅವಳ ಅವ್ವ.

ಇದನ್ನು ಆ ಮನೆಯಲ್ಲಿ ಯಾರೂ ಮುಚ್ಚಿಡಲಿಲ್ಲ. ಮುಚ್ಚಿಡುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಬೇರೆ ಬೀದಿಗಳಲ್ಲಿ ಹೆಂಡತಿಯರು ಕೆಲಸಕ್ಕೆ ಹೊರಟ ಗಂಡನ ಕೈಗೆ ಊಟದ ಡಬ್ಬಿ ಕೊಡುತ್ತಾರೆ. ಆ ಬೀದಿಯ ಹೆಂಗಸರು ಬೆಳಗಿನ ಜಾವ ಒಂದು ಲೋಟ ಸಾರಾಯಿ ಬಗ್ಗಿಸಿ ಕೊಡುತ್ತಿದ್ದರು. ಗಂಡಸರು ಗೋಡೆಯ ಕಡೆ ಮುಖ ಮಾಡಿ ನಿಂತು, ಔಷಧಿ ಕುಡಿದ ಹಾಗೆ ಒಂದೇ ಗುಟುಕಿಗೆ ಕುಡಿದು, ಹಗ್ಗವನ್ನು ಹೆಗಲಿಗೆ ಹಾಕಿಕೊಂಡು ಹೊರಡುತ್ತಿದ್ದರು. ಅದರಲ್ಲಿ ಮೋಜು ಇರಲಿಲ್ಲ. ಊರಿನವರ ಹೊಟ್ಟೆಯಿಂದ ಇಳಿದದ್ದೆಲ್ಲ ಹರಿಯುವ ನೆಲದಡಿಯ ಮೋರಿಗೆ ಇಳಿಯಬೇಕಾದವನಿಗೆ ಮೊದಲು ಮೂಗು ಸಾಯಬೇಕು, ಕಣ್ಣು ಮಂಕಾಗಬೇಕು, ಹೊಟ್ಟೆ ಸುಮ್ಮನಿರಬೇಕು. ಕುಡಿಯದೆ ಇಳಿಯಲು ಹೋದ ಹೊಸಬರು ಸೊಂಟದ ಮಟ್ಟ ಮುಳುಗುವ ಮೊದಲೇ ಕಾರಿಕೊಂಡು ಮೇಲೆ ಬರುತ್ತಿದ್ದರು. ಮೇಸ್ತ್ರಿ ಅವರನ್ನು ಹೆಣ್ಣಿಗ ಎಂದು ಬೈದು ಮತ್ತೆ ಇಳಿಸುತ್ತಿದ್ದ. ಮರುದಿನ ಅವರೂ ಕುಡಿದು ಬರುತ್ತಿದ್ದರು.

ದೇವರು ಮನುಷ್ಯನ ಮೂಗನ್ನು ಬಾಯಿಯ ಮೇಲೆ ಇಟ್ಟದ್ದು ಕೆಟ್ಟದ್ದು ಒಳಗೆ ಹೋಗದೆ ಇರಲಿ ಎಂದು. ಆ ಬೀದಿಯವರು ದೇವರು ನಿಲ್ಲಿಸಿದ ಆ ಕಾವಲುಗಾರನನ್ನು ದಿನಾ ಬೆಳಿಗ್ಗೆ ತಾವೇ ಮಲಗಿಸಿ ಕೆಲಸಕ್ಕೆ ಹೋಗುತ್ತಿದ್ದರು. ಮೊಂಡಿಯ ಅವ್ವ ಲೋಟ ಕೊಟ್ಟ ಮೇಲೆ ಗಂಡನ ಬೆನ್ನಿನ ಹಿಂದೆ ನಿಂತು ಕೈ ಮುಗಿಯುತ್ತಿದ್ದಳು. ಇವನನ್ನು ಕಳಿಸುತ್ತಿದ್ದೇನೆ, ವಾಪಸು ಕಳಿಸು, ಇಷ್ಟೇ ಅವಳ ಪ್ರಾರ್ಥನೆ.

ಒಂದು ದಿನ ದೇವರು ವಾಪಸು ಕಳಿಸಲಿಲ್ಲ. ಮಾರುಕಟ್ಟೆಯ ಹಿಂದಿನ ದೊಡ್ಡ ಗುಂಡಿಯಲ್ಲಿ ಕಟ್ಟಿಕೊಂಡಿದ್ದ ಕಸವನ್ನು ಅಪ್ಪ ಹಾರೆಯಿಂದ ಎಬ್ಬಿಸಿದ. ಅದರಡಿಯಲ್ಲಿ ಕೂಡಿಕೊಂಡಿದ್ದ ವಿಷಗಾಳಿ ಒಮ್ಮೆಗೇ ಬಿಟ್ಟುಕೊಂಡಿತು. ಹಗ್ಗ ಜಗ್ಗಲೂ ಅವನಿಗೆ ಹೊತ್ತು ಸಿಗಲಿಲ್ಲ. ಮೇಲೆ ಹಗ್ಗ ಹಿಡಿದಿದ್ದವನು ಅವನ ತಮ್ಮ, ಮೊಂಡಿಯ ಚಿಕ್ಕಪ್ಪ. ಹಗ್ಗ ಸಡಿಲವಾದದ್ದು ನೋಡಿ ಅವನೇ ಇಳಿದು, ಅಣ್ಣನನ್ನು ಕಂಕುಳಡಿಗೆ ಕೈಹಾಕಿ ಎಳೆದು ತಂದ. ಹೆಣವನ್ನು ಆಸ್ಪತ್ರೆಯವರು ಒಳಗೆ ಬಿಟ್ಟುಕೊಳ್ಳಲಿಲ್ಲ, ಮೊದಲು ತೊಳೆದುಕೊಂಡು ಬನ್ನಿ ಎಂದರು. ಆಸ್ಪತ್ರೆಯ ಹಿತ್ತಲಿನ ನಲ್ಲಿಯಲ್ಲಿ ಚಿಕ್ಕಪ್ಪ ಅಣ್ಣನ ಬಾಯೊಳಗೆ ಬೆರಳು ಹಾಕಿ ತೊಳೆದ. ಕಾಲೇಜಿಗೆ ಹೋಗಲು ಇನ್ನೂ ಒಂದು ಬೇಸಿಗೆ ಬಾಕಿಯಿದ್ದ ಮೊಂಡಿ ಚೊಂಬಿನಲ್ಲಿ ನೀರು ಹೊಯ್ದಳು.

ನಗರಸಭೆಯ ಕಚೇರಿಗೆ ಅವ್ವ ಹೋದಾಗ ಗುಮಾಸ್ತ ತಲೆ ಎತ್ತದೆ ಹೇಳಿದ, ಕುಡಿದು ತಾನಾಗಿಯೇ ಇಳಿದವನಿಗೆ ಕಚೇರಿ ಜವಾಬ್ದಾರಿಯಲ್ಲ ಎಂದು. ಇಳಿಸಿದ್ದು ಮೇಸ್ತ್ರಿ ಎಂದು ಅವ್ವ ಹೇಳಿದಳು. ಗುಮಾಸ್ತ ಕೆಟ್ಟವನೇನಲ್ಲ. ಅವಳಿಗೆ ಕೂರಲು ಬೆಂಚು ತೋರಿಸಿದ. ಆಮೇಲೆ, ನಾನೇನು ಮಾಡಲಮ್ಮ, ಪಾಲಿಸಿ ಹಾಗಿದೆ ಎಂದ.

ಮನೆಗೆ ಬಂದು ಅವ್ವ ಮಗಳನ್ನು ಕೇಳಿದ್ದು ಒಂದೇ ಮಾತು. "ಈ ಪಾಲಿಸಿ ಅನ್ನೋದನ್ನ ಮಾಡೋರು ಎಲ್ಲಿ ಕೂತಿರ್ತಾರೆ?"

ಮೊಂಡಿಗೆ ಗೊತ್ತಿರಲಿಲ್ಲ. ಗೊತ್ತುಮಾಡಿಕೊಳ್ಳಬೇಕೆಂದೇ ಅವಳು ಆ ವಿಷಯ ಹಿಡಿದಳು. ನರ್ಸಿಂಗ್ ಓದು, ಕೆಲಸ ಬೇಗ ಸಿಗುತ್ತೆ ಎಂದು ಶಾಲೆಯ ಟೀಚರು ಹೇಳಿದರು. ಹೊಲಿಗೆ ಕಲಿ ಎಂದು ಅತ್ತೆ ಹೇಳಿದಳು. ಮೊಂಡಿ ಕೇಳಲಿಲ್ಲ. ಕೇಳುವ ಹಾಗಿದ್ದರೆ ಅಪ್ಪ ಅವಳನ್ನು ಮೊಂಡಿ ಎಂದು ಕರೆಯುತ್ತಿರಲಿಲ್ಲ. ಸಾರ್ವಜನಿಕ ನೀತಿ ಎಂಬ ಪದವಿಗೆ ಸೇರಿದಳು. ಹಾಗಂದರೇನೆಂದು ಬೀದಿಯವರು ಕೇಳಿದರೆ ಅವ್ವ, ಊರು ಹೇಗೆ ನಡೆಸಬೇಕು ಅಂತ ಓದ್ತಾಳೆ, ಎನ್ನುತ್ತಿದ್ದಳು. ಹಾಗಾದರೆ ನಮ್ಮ ನಲ್ಲಿಗೆ ಮೊದಲು ನೀರು ಬಿಡಿಸು ಎಂದು ಪಕ್ಕದ ಮನೆಯ ಮುದುಕಿ ದಿನಾ ಮೊಂಡಿಯನ್ನು ತಡೆದು ನಿಲ್ಲಿಸುತ್ತಿದ್ದಳು.

ತರಗತಿಯಲ್ಲಿ ಬೆಂಚುಗಳಿರಲಿಲ್ಲ. ದುಂಡು ಮೇಜುಗಳಿದ್ದವು. ಇಲ್ಲಿ ಮುಂದಿನ ಸಾಲು ಹಿಂದಿನ ಸಾಲು ಎಂಬುದಿಲ್ಲ, ಎಲ್ಲರೂ ಸಮಾನರು ಎಂದು ಪ್ರಾಧ್ಯಾಪಕರು ಮೊದಲ ದಿನ ಹೇಳಿದರು. ಮೊಂಡಿ ಕೂತ ಮೇಜಿನ ಹತ್ತಿರದ ಕಿಟಕಿಯನ್ನು ಯಾರಾದರೂ ಎದ್ದು ಹೋಗಿ ತೆರೆಯುತ್ತಿದ್ದರು. ಮಳೆ ಬಂದರೂ ತೆರೆಯುತ್ತಿದ್ದರು. ಅವಳು ಕಾಲೇಜಿಗೆ ಬರುವ ಮೊದಲು ಎರಡು ಸಲ ಸೋಪು ಹಚ್ಚಿ ಸ್ನಾನ ಮಾಡುತ್ತಿದ್ದಳು. ಆಮೇಲೆ ಒಂದು ದಿನ ಬಿಟ್ಟುಬಿಟ್ಟಳು. ಕಿಟಕಿ ತೆರೆಯುತ್ತಿದ್ದುದು ವಾಸನೆಗಲ್ಲ, ಅವಳಿಗೆ ಎಂದು ಅರ್ಥವಾಗಿತ್ತು.

ಬಡತನ ಎಂಬ ಮಾತು ಬಂದಾಗಲೆಲ್ಲ ಎಲ್ಲರ ಕತ್ತು ಅವಳ ಕಡೆ ತಿರುಗುತ್ತಿತ್ತು. ಪ್ರಾಧ್ಯಾಪಕರು, ಇದರ ಬಗ್ಗೆ ನೀನೇ ಹೇಳಬೇಕಮ್ಮ, ಎನ್ನುತ್ತಿದ್ದರು. ಆದಾಯ ತೆರಿಗೆಯ ಬಗ್ಗೆ, ವಿಮಾನ ನಿಲ್ದಾಣದ ಬಗ್ಗೆ, ವಿಶ್ವವಿದ್ಯಾಲಯದ ಬಗ್ಗೆ ಅವಳನ್ನು ಯಾರೂ ಕೇಳಲಿಲ್ಲ. ಅವಳಿಗೆ ಅವೂ ಗೊತ್ತಿದ್ದವು. ಪುಸ್ತಕದಲ್ಲಿದ್ದುದನ್ನೆಲ್ಲ ಅವಳು ಓದಿದ್ದಳು. ಪರೀಕ್ಷೆಗಳಲ್ಲಿ ಅವಳ ಹೆಸರು ಮೇಲೆಯೇ ಇರುತ್ತಿತ್ತು. ಅವಳ ಮೇಜಿನಲ್ಲೇ ಕೂರುತ್ತಿದ್ದ ಔಷಧಿ ಅಂಗಡಿಯವನ ಮಗಳು ಅವಳ ಟಿಪ್ಪಣಿಗಳನ್ನು ಇಸಿದುಕೊಂಡು ಓದಿ ಪಾಸಾಗುತ್ತಿದ್ದಳು. ಇದ್ದವರಲ್ಲಿ ಅವಳೇ ಗೆಳತಿ.

ಆ ವಿಭಾಗದಲ್ಲಿ ಒಂದು ರೂಢಿಯಿತ್ತು. ಕೊನೆಯ ವರ್ಷದ ವಿದ್ಯಾರ್ಥಿಗಳು ಊರಿನ ಒಂದು ಸಮಸ್ಯೆಯನ್ನು ತೆಗೆದುಕೊಂಡು ಅದಕ್ಕೆ ಪರಿಹಾರ ಸೂಚಿಸುವ ವರದಿ ಬರೆಯಬೇಕು. ಅದಕ್ಕೆ ಒಮ್ಮತದ ವರದಿ ಎಂದು ಹೆಸರು. ತರಗತಿಯ ಪ್ರತಿಯೊಬ್ಬರೂ ಅದಕ್ಕೆ ಸಹಿ ಹಾಕಬೇಕು. ಒಂದು ಸಹಿ ಕಡಿಮೆಯಾದರೂ ವರದಿ ಬಾಗಿಲು ದಾಟುವುದಿಲ್ಲ, ಯಾರಿಗೂ ಪದವಿ ಇಲ್ಲ. ಜಗಳವಾಡುವುದು ಯಾರಿಗಾದರೂ ಬರುತ್ತದೆ, ಒಪ್ಪಿಕೊಳ್ಳುವುದನ್ನು ನಾವು ಕಲಿಸುತ್ತೇವೆ ಎಂದು ಪ್ರಾಧ್ಯಾಪಕರು ಹೆಮ್ಮೆಯಿಂದ ಹೇಳುತ್ತಿದ್ದರು. ನಗರಸಭೆ ಈ ವರದಿಗಳನ್ನು ಕೇಳಿ ತರಿಸಿಕೊಳ್ಳುತ್ತಿತ್ತು. ಹಿಂದಿನ ವರ್ಷದವರು ಬೀದಿ ವ್ಯಾಪಾರಿಗಳ ಮೇಲೆ ಬರೆದದ್ದು ಮಳೆಗಾಲ ಮುಗಿಯುವುದರೊಳಗೆ ನಿಯಮವಾಗಿತ್ತು. ತಳ್ಳುಗಾಡಿಗಳು ಊರ ಹೊರಗಿನ ಬಯಲಿಗೆ ಹೋಗಿದ್ದವು.

ಮೊಂಡಿಯ ತರಗತಿಗೆ ಬಂದ ಸಮಸ್ಯೆ ಮೋರಿಯೊಳಗಿನ ಸಾವುಗಳು.

ಪ್ರಾಧ್ಯಾಪಕರು ಒಂದು ಉದಾಹರಣೆ ಹಂಚಿದರು. ಮಾರುಕಟ್ಟೆ ಹಿಂದಿನ ಗುಂಡಿ, ಮದ್ಯ ಸೇವಿಸಿದ್ದ ಕೆಲಸಗಾರ, ಮೇಲ್ವಿಚಾರಕರ ಅನುಮತಿಯಿಲ್ಲದೆ ಇಳಿದದ್ದು, ಉಸಿರುಗಟ್ಟಿ ಸಾವು. ಹೆಸರು ಇರಲಿಲ್ಲ. ಎಲ್ಲರೂ ಓದಿ ಮುಗಿಸುವ ತನಕ ಮೊಂಡಿ ಕಾದಳು. ಆಮೇಲೆ, ಅದು ನಮ್ಮಪ್ಪ, ಎಂದಳು.

ಪ್ರಾಧ್ಯಾಪಕರು ಕನ್ನಡಕ ತೆಗೆದು ಒರೆಸಿದರು. ಮೃದುವಾಗಿಯೇ ಮಾತಾಡಿದರು. ಇದು ತರಗತಿಯ ಭಾಗ್ಯ ಎಂದರು. ಒಳಗಿನ ಅನುಭವ ಇಂಥ ಕೆಲಸಕ್ಕೆ ಸಿಗುವುದೇ ಅಪರೂಪ ಎಂದರು. ಆದರೆ ದುಃಖವನ್ನು ಬಾಗಿಲಾಚೆ ಬಿಟ್ಟು ಬರಬೇಕು, ಚಪ್ಪಲಿ ಬಿಟ್ಟು ಬಂದ ಹಾಗೆ, ಎಂದರು.

ಕೆಲವು ದಿನ ತರಗತಿಯವರು ಅವಳಿಗೆ ಜೇನು ಸವರಿದರು. ಟೀ ಕುಡಿಸಿದರು. ಕಿಟಕಿ ಮುಚ್ಚಿದರು. ಅಪ್ಪನಿಗೆ ಎಷ್ಟು ವಯಸ್ಸಾಗಿತ್ತು, ಗುಂಡಿ ಎಷ್ಟು ಆಳ, ಹೆಣ ಹೇಗಿತ್ತು ಎಂದೆಲ್ಲ ಕೇಳಿದರು. ಅವಳು ಹೇಳಿದಳು. ಸಾರಾಯಿಯನ್ನೂ ಹೇಳಿದಳು. ಯಾಕೆ ಕುಡಿಯುತ್ತಾರೆ ಎಂದು ಬಿಡಿಸಿ ಬಿಡಿಸಿ ಹೇಳಿದಳು. ಕುಡಿದವರು ಇಳಿಯುವುದಲ್ಲ, ಇಳಿಯಬೇಕಾದವರು ಕುಡಿಯುವುದು ಎಂದಳು. ಮನುಷ್ಯರನ್ನು ಇಳಿಸುವುದನ್ನೇ ನಿಲ್ಲಿಸಿ ಎಂದು ಬರೆಯಿರಿ ಎಂದಳು. ಎಲ್ಲರೂ ತಲೆಯಾಡಿಸಿದರು.

ವರದಿ ತಯಾರಾಗಿ ಬಂತು. ಯಂತ್ರಗಳನ್ನು ತರಿಸುವುದು ದೂರದ ಗುರಿ ಎಂದು ಒಂದು ಸಾಲಿನಲ್ಲಿ ಮುಗಿಸಿದ್ದರು. ಉಳಿದ ಪುಟಗಳೆಲ್ಲ ಕುಡಿತದ ಮೇಲೆ. ಈಗಲೇ ಮಾಡಬಹುದಾದದ್ದು, ಸುಲಭವಾದದ್ದು, ಅಗ್ಗವಾದದ್ದು ಎಂದು ಸೂಚಿಸಿದ್ದ ಪರಿಹಾರ ಒಂದೇ. ಬೆಳಿಗ್ಗೆ ಕೆಲಸಕ್ಕೆ ಬಂದ ಪ್ರತಿಯೊಬ್ಬ ಕೆಲಸಗಾರನ ಬಾಯಿಗೂ ಊದುವ ಯಂತ್ರ ಹಿಡಿಯಬೇಕು. ಕೆಂಪು ದೀಪ ಬಂದವನನ್ನು ಆ ದಿನದ ಕೂಲಿಯಿಲ್ಲದೆ ಮನೆಗೆ ಕಳಿಸಬೇಕು. ಹಸಿರು ಬಂದವನು ಇಳಿಯಬೇಕು. ಮೊಂಡಿಯ ಅಪ್ಪನ ಸಾವು ಇದಕ್ಕೆ ಮೊದಲ ಪುಟದ ಸಾಕ್ಷಿ.

ತಾನು ಹೇಳಿದ್ದು ಇದನ್ನಲ್ಲ ಎಂದಳು ಮೊಂಡಿ.

ತರಗತಿಯ ನಾಯಕ, ಪೆಟ್ರೋಲ್ ಬಂಕಿನವನ ಮಗ, ಸಹನೆಯಿಂದಲೇ ಕೇಳಿದ. "ನಿಮ್ಮಪ್ಪ ಕುಡಿದಿದ್ರು ಅಂತ ನೀನೇ ಒಪ್ಕೊಂಡೆ ತಾನೇ?"

"ಹೂಂ."

"ಮತ್ತೆ ಇದರಲ್ಲಿ ಸುಳ್ಳೇನಿದೆ?"

ಸುಳ್ಳು ಒಂದೂ ಇರಲಿಲ್ಲ. ಅವಳು ನಂಬಿ ಹೇಳಿದ ಒಂದೊಂದು ನಿಜವನ್ನೂ ಕಲ್ಲು ಮಾಡಿ, ಅದೇ ಕಲ್ಲಿನಿಂದ ಅವಳ ಬೀದಿಯ ಗಂಡಸರ ಹಲ್ಲು ಉದುರಿಸುವ ಏರ್ಪಾಡು ಮಾಡಿದ್ದರು.

ಸಹಿ ಹಾಕುವುದಿಲ್ಲ ಎಂದಳು.

ಮೊದಲು ನಕ್ಕರು. ಆಮೇಲೆ ಮಾತಿನ ಚೌಕಾಸಿ ಶುರುವಾಯಿತು. ಮದ್ಯ ಎಂಬುದನ್ನು ತೆಗೆದು ಅಮಲು ಎಂದು ಹಾಕೋಣ ಎಂದರು. ಅದೂ ಬೇಡವಾದರೆ ವೈಯಕ್ತಿಕ ಅಭ್ಯಾಸ ಎಂದು ಹಾಕೋಣ ಎಂದರು. ಅಪ್ಪನ ಉದಾಹರಣೆಯನ್ನು ಕೊನೆಯ ಪುಟಕ್ಕೆ ಒಯ್ಯೋಣ, ಅವರ ನೆನಪಿಗೆ ಎಂದು ಮೇಲೆ ಒಂದು ಸಾಲು ಬರೆಯೋಣ ಎಂದರು. ಊದುವ ಯಂತ್ರ ಮಾತ್ರ ಇರಲೇಬೇಕು, ನಗರಸಭೆಗೆ ಹಿಡಿಸುವುದು ಅದೇ ಎಂದರು. ಸತ್ತ ಮನುಷ್ಯನನ್ನು ಹೀಗೆ ಸಂತೆಯಲ್ಲಿ ಕುಂಬಳಕಾಯಿ ತಿರುಗಿಸಿದ ಹಾಗೆ ತಿರುಗಿಸುವುದಕ್ಕೆ ನೀತಿ ಎಂದು ಹೆಸರಿದೆ, ಅದನ್ನು ಕಲಿಯಲು ನಾನು ಸೋಪು ತಿಕ್ಕಿಕೊಂಡು ಬಂದೆ, ಎಂದುಕೊಂಡಳು ಮೊಂಡಿ.

ಗೆಳತಿ ಮನೆಗೇ ಬಂದಳು. ಬೀದಿಯ ಬಾಯಿಂದ ಮನೆಯ ಬಾಗಿಲವರೆಗೆ ಮೂಗಿಗೆ ಕರವಸ್ತ್ರ ಹಿಡಿದುಕೊಂಡು ಬಂದವಳು, ಒಳಗೆ ಬಂದ ಮೇಲೆ ತೆಗೆದು ಮುಷ್ಟಿಯಲ್ಲಿ ಬಚ್ಚಿಟ್ಟುಕೊಂಡಳು. ಅವ್ವ ಚಾಪೆ ಹಾಸಿದಳು. ಗೆಳತಿ ಕೂರಲಿಲ್ಲ. ಈ ವರದಿ ಹೋಗದಿದ್ದರೆ ತನ್ನ ಮದುವೆಯೇ ನಿಲ್ಲುತ್ತದೆ, ಪದವಿಯಿದೆ ಎಂದು ಹೇಳಿಯೇ ಗಂಡಿನವರನ್ನು ಒಪ್ಪಿಸಿದ್ದಾರೆ ಎಂದು ಅತ್ತಳು. ಅತ್ತದ್ದು ನಿಜವಾಗಿಯೇ ಅತ್ತಳು. ಹೋಗುವಾಗ ಬಾಗಿಲಲ್ಲಿ ನಿಂತು, "ನೀನು ಹಟ ಹಿಡಿಯೋಕೆ ಮುಂಚೆ ನಮ್ಮ ಕ್ಲಾಸಲ್ಲಿ ಜಗಳಾನೇ ಇರಲಿಲ್ಲ," ಎಂದಳು.

ಅವ್ವ ಎಲ್ಲ ಕೇಳಿಸಿಕೊಂಡಿದ್ದಳು. ಚಾಪೆ ಸುತ್ತಿ ಮೂಲೆಗೆ ನಿಲ್ಲಿಸಿ, ಸಹಿ ಹಾಕು ಎಂದಳು. ಸತ್ತವನ ಕಿವಿಗೆ ಇದೇನೂ ಬೀಳುವುದಿಲ್ಲ ಎಂದಳು. ನಾನು ಬೆಳಗಾದರೆ ಕಸದ ಗಾಡಿ ತಳ್ಳುವಾಗ ಎಂಥೆಂಥವರಿಗೋ ಹೂಂ ಅನ್ನುತ್ತೇನೆ, ಹೂಂ ಅಂದದ್ದಕ್ಕೇ ನೀನು ಓದಿದೆ ಎಂದಳು.

"ಚಿಕ್ಕಪ್ಪನ ಬಾಯಿಗೆ ಪೈಪು ಇಡ್ತಾರವ್ವ. ದಿನಾ. ಬೀದೀಲಿ ನಿಲ್ಲಿಸಿ."

"ಇಡ್ಲಿ ಬಿಡು. ಬಾಯಿ ತೊಳ್ಕೊಂಡ್ರೆ ಹೋಗುತ್ತೆ. ನಿನ್ನ ಪದವಿ ಹೋದ್ರೆ ಎಲ್ಲಿಂದ ತರೋದು?"

ಚಿಕ್ಕಪ್ಪ ಹೊಸ್ತಿಲ ಮೇಲೆ ಕೂತು ಹಗ್ಗದ ಗಂಟು ಬಿಡಿಸುತ್ತಿದ್ದ. ಅಣ್ಣ ಸತ್ತ ಮೇಲೆ ಅವನು ಮಾತು ಕಡಿಮೆ ಮಾಡಿದ್ದ. ಅವ್ವ ದೇವರ ಪಟದ ಮುಂದೆ ಹೋಗಿ ನಿಂತಳು. ಕೈ ಮುಗಿಯಲಿಲ್ಲ. ಬಾಕಿದಾರನ ಮುಂದೆ ನಿಂತ ಹಾಗೆ ನಿಂತಳು.

ಸಹಿಯ ದಿನ ವರದಿಯನ್ನು ನಡುವಿನ ಮೇಜಿನ ಮೇಲೆ ಇಟ್ಟಿದ್ದರು. ಪಕ್ಕದಲ್ಲಿ ಸಿಹಿಯ ತಟ್ಟೆ. ಒಬ್ಬೊಬ್ಬರೇ ಬಂದು ಸಹಿ ಹಾಕಿ, ಸಿಹಿ ತಗೊಂಡು, ಪ್ರಾಧ್ಯಾಪಕರ ಕೈ ಕುಲುಕಿ ಹೋಗಿ ಕೂತರು. ಮೊಂಡಿಯ ಸರದಿ ಬಂತು. ಪ್ರಾಧ್ಯಾಪಕರು ತಮ್ಮದೇ ಪೆನ್ನು ಕೊಟ್ಟರು. ಅದು ಭಾರವಾದ ಪೆನ್ನು.

ಅವಳು ನಿಂತೇ ಇದ್ದಳು. ಹಿಂದಿನಿಂದ ಯಾರೋ, ಬೇಗ ಹಾಕಮ್ಮ ತಾಯಿ, ನಮಗೂ ಮನೆ ಮಠ ಇದೆ, ಎಂದರು. ಕೆಲವರು ನಕ್ಕರು.

"ಕುಡಿದು ಸತ್ತ ಅಂತ ಬರೆದಿದ್ದೀರಿ," ಎಂದಳು ಮೊಂಡಿ. "ಯಾಕೆ ಕುಡಿದ ಅಂತಾನೂ ಬರೀರಿ. ಕುಡಿಯದೆ ಯಾವ ಮನುಷ್ಯನೂ ಇಳಿಯಲಾರದ ಕಡೆ ಊರಿನವರು ಅವನನ್ನ ಇಳಿಸಿದ್ರು ಅಂತ ಬರೀರಿ. ಈಗಲೇ ಸಹಿ ಹಾಕ್ತೀನಿ."

"ಅದು ಈ ವರದಿಯ ವ್ಯಾಪ್ತಿಗೆ ಬರೋದಿಲ್ಲಮ್ಮ."

"ನಮ್ಮಪ್ಪ ಬಂದ. ಅದು ಯಾಕೆ ಬರೋದಿಲ್ಲ?"

ಪ್ರಾಧ್ಯಾಪಕರು ತಾಳ್ಮೆಯ ಮನುಷ್ಯರು. ಇದು ಸಿಟ್ಟಿನ ಜಾಗವಲ್ಲ ಎಂದರು. ನಿನ್ನ ಒಬ್ಬಳ ನೋವಿಗಾಗಿ ಇಷ್ಟು ಮಕ್ಕಳ ಬಾಳು ಕಟ್ಟಿಹಾಕುವುದು ನ್ಯಾಯವೇ ಎಂದರು. ಒಮ್ಮತವೆಂದರೆ ಎಲ್ಲರೂ ಸ್ವಲ್ಪ ಸ್ವಲ್ಪ ಬಿಟ್ಟುಕೊಡುವುದು ಎಂದರು. ಉಳಿದವರು ಏನು ಬಿಟ್ಟುಕೊಟ್ಟರು ಎಂದು ಅವಳು ಕೇಳಿದಳು. ಪ್ರಾಧ್ಯಾಪಕರು ಗಡಿಯಾರ ನೋಡಿಕೊಂಡರು.

ಮೊಂಡಿ ಪೆನ್ನಿನ ಮುಚ್ಚಳ ಹಾಕಿ ಮೇಜಿನ ಮೇಲೆ ಇಟ್ಟಳು.

ಆಗ ಕೋಣೆ ಬಾಯಿ ಬಿಟ್ಟಿತು. ಜೇನು ಸವರಿದ್ದ ನಾಲಿಗೆಗಳೇ ಬಿಚ್ಚಿಕೊಂಡವು. ಇಂಥವರನ್ನು ಸೇರಿಸಿಕೊಂಡರೆ ಇದೇ ಆಗೋದು ಎಂದು ಒಬ್ಬ ಹೇಳಿದ. ಕುಡುಕನ ಮಗಳು ಎಂದು ಇನ್ನೊಬ್ಬಳು, ಮೆಲ್ಲಗೆ, ಆದರೆ ಕೇಳುವ ಹಾಗೆ. ಪೆಟ್ರೋಲ್ ಬಂಕಿನವನ ಮಗ ಎದ್ದು ಹೋಗಿ ಕಿಟಕಿ ತೆರೆದ. ಔಷಧಿ ಅಂಗಡಿಯವನ ಮಗಳು ತಲೆ ತಗ್ಗಿಸಿ ತನ್ನ ಪಾಲಿನ ಸಿಹಿಯನ್ನು ಕಾಗದದಲ್ಲಿ ಮಡಿಸುತ್ತಿದ್ದಳು.

ಒಂದು ಸಹಿ ಕಡಿಮೆಯಾದರೆ ವರದಿ ಹೋಗುವುದಿಲ್ಲ ಎಂಬುದು ವಿಭಾಗದ ನಿಯಮ. ನಿಯಮ ಮುರಿಯಲಿಲ್ಲ. ಅದರ ಬದಲು ಮೊಂಡಿಯನ್ನು ತರಗತಿಯಿಂದ ತೆಗೆದರು. ವೈಯಕ್ತಿಕ ಕಾರಣಗಳಿಂದ ವ್ಯಾಸಂಗ ನಿಲ್ಲಿಸಿದ್ದಾಳೆ ಎಂದು ನೋಟೀಸು ಬೋರ್ಡಿನಲ್ಲಿ ಹಾಕಿದರು. ಅವಳಿಲ್ಲದ ತರಗತಿಯಲ್ಲಿ ಎಲ್ಲರ ಸಹಿಯೂ ಇತ್ತು. ಒಮ್ಮತವಾಯಿತು. ಸಿಹಿ ಮತ್ತೊಮ್ಮೆ ಹಂಚಿರಲೂಬಹುದು.

ಮಗಳು ಸುದ್ದಿ ಹೇಳಿದಾಗ ಅವ್ವ ಬಯ್ಯಲಿಲ್ಲ. ಹೊಡೆಯಲಿಲ್ಲ. ಕಸದ ಗಾಡಿಯ ಇನ್ನೊಂದು ಹಿಡಿಯನ್ನು ತೋರಿಸಿದಳು. ಇಷ್ಟು ವರ್ಷ ಆ ಹಿಡಿಯನ್ನು ಮಗಳು ಮುಟ್ಟಲು ಅವಳು ಬಿಟ್ಟಿರಲಿಲ್ಲ.

ಮೊಂಡಿ ತಳ್ಳಿದಳು. ಗಾಡಿಯ ಚಕ್ರ ಎಡಕ್ಕೆ ಎಳೆಯುತ್ತಿತ್ತು, ಹಾಗಾಗಿ ಬಲಗೈ ಮೊದಲು ಸೋಲುತ್ತಿತ್ತು. ಜನ ಮಹಡಿಯಿಂದಲೇ ಪೊಟ್ಟಣ ಎಸೆಯುತ್ತಿದ್ದರು. ಗಾಡಿಗೆ ಬಿದ್ದರೆ ಬಿತ್ತು, ತಲೆಗೆ ಬಿದ್ದರೆ ಸಾರಿ ಎಂದು ಕಿಟಕಿ ಹಾಕಿಕೊಳ್ಳುತ್ತಿದ್ದರು. ಒಡೆದ ಗಾಜು, ಕೊಳೆತ ಹಣ್ಣು, ಮಗುವಿನ ಬಟ್ಟೆ, ರಕ್ತದ ಹತ್ತಿ. ಬರಿಗೈಯಲ್ಲಿ ಬೇರೆ ಮಾಡಬೇಕು. ಕೈಯ ಗೆರೆಗಳಲ್ಲಿ ಕೂತ ಕಪ್ಪು ಹೋಗುವುದಿಲ್ಲ. ಪಕ್ಕದ ಮನೆಯ ಮುದುಕಿ ನಲ್ಲಿ ನೀರಿನ ಮಾತು ಎತ್ತುವುದನ್ನು ಬಿಟ್ಟಳು. ಅದು ಮೊಂಡಿಗೆ ತರಗತಿಯವರ ಬೈಗುಳಕ್ಕಿಂತ ಹೆಚ್ಚು ಉರಿಯಿತು.

ಬೇಸಿಗೆ ಏರುವ ಹೊತ್ತಿಗೆ ಮೇಸ್ತ್ರಿ ಬೀದಿಗೆ ಬಂದು ಹೊಸ ನಿಯಮ ಹೇಳಿದ. ನಾಳೆಯಿಂದ ಊದಬೇಕು. ಕೆಂಪು ಬಂದರೆ ಮನೆಗೆ, ಕೂಲಿಯಿಲ್ಲ. ನಾಳೆ ದೊಡ್ಡವರೆಲ್ಲ ಬರುತ್ತಾರೆ, ಕಾಲೇಜಿನವರೂ ಬರುತ್ತಾರೆ, ಫೋಟೋ ತೆಗೆಯುತ್ತಾರೆ. ಒಬ್ಬನಾದರೂ ಕುಡಿದು ಬಂದು ನನ್ನ ಮಾನ ಕಳೆದರೆ ಚರ್ಮ ಸುಲಿಯುತ್ತೇನೆ ಎಂದ. ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕುಡಿಯದೆ ಹೇಗೆ ಎಂದು ಒಬ್ಬ ಕೇಳಿದ. ಮೇಸ್ತ್ರಿ, "ನಿಮ್ಮಮ್ಮನ ಹೊಟ್ಟೇಲಿ ಕುಡಿದೇ ಹುಟ್ಟಿದ್ಯೇನೋ?" ಎಂದು ನಕ್ಕು ಹೋದ.

ಮರುದಿನ ಬೆಳಿಗ್ಗೆ ಆ ಬೀದಿಯಲ್ಲಿ ಯಾವ ಹೆಂಗಸೂ ಲೋಟ ತುಂಬಲಿಲ್ಲ. ತುಂಬಿದರೆ ಒಲೆ ಹತ್ತುವುದಿಲ್ಲ. ಚಿಕ್ಕಪ್ಪ ಅಭ್ಯಾಸದಿಂದ ಕೈ ಚಾಚಿದ. ಅವ್ವ ಅವನ ಕೈಗೆ ನೀರು ಕೊಟ್ಟಳು. ಅವನು ಗೋಡೆಯ ಕಡೆ ಮುಖ ಮಾಡಿ ಅದನ್ನೇ ಕುಡಿದ.

ಮಾರುಕಟ್ಟೆಯ ಹಿಂದೆ ಬಟ್ಟೆಯ ಚಪ್ಪರ ಹಾಕಿದ್ದರು. ಕುರ್ಚಿಗಳು, ನೀರಿನ ಬಾಟಲಿಗಳು. ನಗರಸಭೆಯ ಎಂಜಿನಿಯರು, ಪ್ರಾಧ್ಯಾಪಕರು, ಹೊಸದಾಗಿ ಪದವಿ ಪಡೆದ ತರಗತಿ. ಅವ್ವ ಮತ್ತು ಮೊಂಡಿ ಗಾಡಿಯ ಜೊತೆ ಪಕ್ಕದಲ್ಲಿ ನಿಂತರು. ಚಪ್ಪರದ ಕಸ ತೆಗೆಯುವುದು ಅವತ್ತು ಅವರ ಪಾಲಿಗೆ ಬಂದಿತ್ತು. ಹಳೆಯ ಸಹಪಾಠಿಗಳು ಅವಳನ್ನು ಕಂಡರು. ಕಂಡವರೆಲ್ಲ ಚಪ್ಪರದ ಬಟ್ಟೆಯ ಬಣ್ಣ ನೋಡಲು ಶುರುಮಾಡಿದರು.

ಪ್ರಾಧ್ಯಾಪಕರು ಮಾತಾಡಿದರು. ಓದು ಎಂಬುದು ಊರಿಗೆ ಮರಳಬೇಕು ಎಂದರು. ಈ ಯಂತ್ರ ಅವಮಾನಕ್ಕಲ್ಲ, ಪ್ರಾಣ ಉಳಿಸುವುದಕ್ಕೆ ಎಂದರು. ಅದನ್ನು ತೋರಿಸಲು ಮೊದಲು ನಾವೇ ಊದುತ್ತೇವೆ ಎಂದರು. ಊದಿದರು. ಹಸಿರು ದೀಪ ಬಂತು. ಎಂಜಿನಿಯರೂ ಊದಿದರು. ಹಸಿರು. ಪೆಟ್ರೋಲ್ ಬಂಕಿನವನ ಮಗ ತಮಾಷೆಗೆ ಊದಿ, ನಿನ್ನೆಯದು ಇಳಿದಿದೆಯೋ ಇಲ್ಲವೋ ಎಂದ. ಅವನಿಗೂ ಹಸಿರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಆಮೇಲೆ ಕೆಲಸಗಾರರನ್ನು ಸಾಲು ನಿಲ್ಲಿಸಿದರು. ಮೇಸ್ತ್ರಿ ಒಬ್ಬೊಬ್ಬರ ಗದ್ದ ಹಿಡಿದು ಎತ್ತಿ ಪೈಪು ತುರುಕಿದ, ಕುದುರೆಗೆ ಲಗಾಮು ಹಾಕುವ ಹಾಗೆ. ಒಬ್ಬೊಬ್ಬರಿಗೂ ಹಸಿರು ಬಂದಾಗ ಒಂದು ಚಪ್ಪಾಳೆ. ಬಿಳಿ ಮೀಸೆಯ ಗಂಡಸರು, ಮಕ್ಕಳ ಮದುವೆ ಮಾಡಿದವರು, ಊದಿ ಊದಿ ಚಪ್ಪಾಳೆ ತಟ್ಟಿಸಿಕೊಂಡರು.

ಗುಂಡಿಯ ಮುಚ್ಚಳ ತೆಗೆಸಿದರು. ಮೊದಲು ಇಳಿಯಬೇಕಾದವನು ಚಿಕ್ಕಪ್ಪ. ಚಡ್ಡಿಯೊಂದು ಬಿಟ್ಟು ಎಲ್ಲ ಕಳಚಿ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಅಂಚಿಗೆ ಬಂದು ಕೆಳಗೆ ನೋಡಿದ.

ಎಷ್ಟೋ ವರ್ಷ ಇಳಿದ ಗುಂಡಿ ಅದು. ಆದರೆ ಅವನು ಅದನ್ನು ನೋಡಿದ್ದು ಅದೇ ಮೊದಲು. ಬಿಸಿಲಿನಲ್ಲಿ ಅದು ಮೆಲ್ಲಗೆ ಅಲುಗುತ್ತಿತ್ತು. ಜಿರಲೆಗಳು ಗೋಡೆಯನ್ನೇ ಎತ್ತಿಕೊಂಡು ಬರುತ್ತಿರುವ ಹಾಗೆ ಮೇಲಕ್ಕೆ ಹರಿದವು. ಮೂಗು ಎಚ್ಚರವಾಗಿತ್ತು. ಅವನು ಒಂದು ಕಾಲು ಇಳಿಬಿಟ್ಟ. ಬೆಳಿಗ್ಗೆ ಕುಡಿದ ನೀರನ್ನೆಲ್ಲ ಅಂಚಿನ ಮೇಲೆ ಕಾರಿಕೊಂಡ. ಚಪ್ಪರದ ಕೆಳಗೆ ಯಾರೋ ಥೂ ಎಂದರು.

ಇಳಿಯೋ ಎಂದ ಮೇಸ್ತ್ರಿ. ಚಿಕ್ಕಪ್ಪ ಇನ್ನೊಂದು ಕಾಲನ್ನೂ ಇಳಿಬಿಟ್ಟ. ಹೇಳಿದ್ದನ್ನು ಮಾಡಿ ಅಭ್ಯಾಸವಾದ ಕಾಲು.

ಅವ್ವ ಗಾಡಿಯ ಹಿಡಿ ಬಿಟ್ಟಳು. ನಡೆದು ಬಂದು, ಹಗ್ಗವನ್ನು ಮುಷ್ಟಿಗೆ ಸುತ್ತಿಕೊಂಡಳು.

"ಮೇಲೆ ಬಾ," ಎಂದಳು. "ಒಬ್ಬನನ್ನ ನಾನೇ ಕುಡಿಸಿ ಕಳಿಸಿದೆ. ಕಣ್ಣು ಬಿಟ್ಟಿರೋನನ್ನ ಕಳಿಸೋಕೆ ನನ್ನ ಕೈಲಿ ಆಗಲ್ಲ. ಬಾ ಮೇಲೆ."

ಮೈದುನ ಅತ್ತಿಗೆಯ ಮುಖ ನೋಡಿದ. ಅಂಗೈ ಊರಿ ಮೈಯನ್ನು ಹೊರಕ್ಕೆ ಎಳೆದುಕೊಂಡ. ಹಗ್ಗ ಬಿಚ್ಚಿ ಅಲ್ಲೇ ನೆಲದ ಮೇಲೆ ಕೂತ. ಸಾಲಿನಲ್ಲಿ ಅವನ ಹಿಂದಿದ್ದವನು ಮುಂದೆ ಬರಲಿಲ್ಲ. ಅವನೂ ಕೂತ. ಒಬ್ಬರನ್ನು ನೋಡಿ ಒಬ್ಬರು, ಗುಂಡಿಯ ಸುತ್ತ, ಊಟಕ್ಕೆ ಕೂತ ಹಾಗೆ ಕೂತರು.

ಮೇಸ್ತ್ರಿ ಒಬ್ಬನ ಬೆನ್ನಿಗೆ ಕಾಲಿನಿಂದ ತಿವಿದ. ಅವನು ಅಲುಗಲಿಲ್ಲ. ಎಂಜಿನಿಯರು ಪ್ರಾಧ್ಯಾಪಕರ ಕಡೆ ನೋಡಿದರು, ಇದು ನಿಮ್ಮ ವರದಿ ಎನ್ನುವ ಹಾಗೆ. ಪ್ರಾಧ್ಯಾಪಕರು ಎದ್ದು ಬಂದರು. ಮಾತಾಡಿ ಬಗೆಹರಿಸೋಣ ಎಂದರು. ನಿಮ್ಮ ಸುರಕ್ಷತೆಗಾಗಿಯೇ ಇಷ್ಟೆಲ್ಲ ಮಾಡಿದ್ದೇವೆ, ನೀವೆಲ್ಲ ಪರೀಕ್ಷೆಯಲ್ಲಿ ಪಾಸಾಗಿದ್ದೀರಿ, ಇನ್ನು ಹೆದರಿಕೆ ಯಾಕೆ ಎಂದರು.

ಮೊಂಡಿ ಮುಂದೆ ಬಂದಳು. ಮೈಯಲ್ಲಿ ಕಸದ ನಾತವಿತ್ತು. ಪ್ರಾಧ್ಯಾಪಕರು ಒಂದು ಹೆಜ್ಜೆ ಹಿಂದೆ ಹೋದರು. ಚಿಕ್ಕಪ್ಪ ಬಿಚ್ಚಿಟ್ಟ ಹಗ್ಗದ ತುದಿಯನ್ನು ಅವಳು ಎತ್ತಿ ಅವರ ಮುಂದೆ ಹಿಡಿದಳು.

"ಎಲ್ಲರಿಗಿಂತ ಮೊದಲು ಊದಿದೋರು ನೀವು ಸರ್. ನಿಮಗೂ ಹಸಿರು ಬಂತು. ಎಲ್ಲರೂ ನೋಡಿದ್ದೀವಿ," ಎಂದಳು. "ಇಳೀರಿ."

ಅವರು ಹಗ್ಗವನ್ನು ನೋಡಿದರು. ಚಿಕ್ಕಪ್ಪ ಕಾರಿದ್ದು ತಾಗಿ ಅದರಿಂದ ತೊಟ್ಟಿಕ್ಕುತ್ತಿತ್ತು. ಅವರು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಅವಳು ಎಂಜಿನಿಯರ ಕಡೆ ಹಗ್ಗ ತಿರುಗಿಸಿದಳು. ಪೆಟ್ರೋಲ್ ಬಂಕಿನವನ ಮಗನ ಕಡೆ ತಿರುಗಿಸಿದಳು. ಅವನು ಬೈಕಿನ ಕೀಲಿ ಹುಡುಕುತ್ತ ಜೇಬು ತಡವಿಕೊಂಡ.

ಬಿಸಿಲೇರಿತು. ಗುಂಡಿಯ ನಾತ ಎದ್ದು ಚಪ್ಪರ ತುಂಬಿತು. ಹುಡುಗಿಯರು ಮೂಗಿಗೆ ಸೆರಗು ಒತ್ತಿಕೊಂಡು ಬೀದಿಯ ತುದಿಗೆ ಓಡಿದರು. ಮಾರುಕಟ್ಟೆಯವರು ಅಂಗಡಿಯ ಬಾಗಿಲು ಎಳೆದುಕೊಂಡರು. ಎಂಜಿನಿಯರ ಕಾರು ಹೊರಟುಹೋಯಿತು. ಕೊನೆಗೆ ಉಳಿದವನು ಮೇಸ್ತ್ರಿ. ಅವನ ದನಿ ಇಳಿದಿತ್ತು. ಇಳಿಯದಿದ್ದರೆ ಬೇಡ, ಆ ಮುಚ್ಚಳವಾದರೂ ಎಳೆದು ಹಾಕ್ರಪ್ಪ, ಊರೆಲ್ಲ ನಾರುತ್ತಿದೆ ಎಂದು ಬೇಡಿಕೊಂಡ.

ಚಿಕ್ಕಪ್ಪ ಬಾಯಿ ಒರೆಸಿಕೊಂಡ.

"ಮುಚ್ಚೋದೂ ನಮ್ಮ ಕೆಲಸಾನೇ," ಎಂದ. "ಇವತ್ತು ನಾವು ಕೆಲಸಕ್ಕೆ ಬಂದಿಲ್ಲ."